ಸಿಡ್ಸೆಲ್ ಅಡಗಿಕೊಂಡ ವರ್ಷಗಳು

ಸಿಡ್ಸೆಲ್ ತನ್ನ ಐದು ವರ್ಷದ ಮಗಳಿಗೆ ಸುಳ್ಳು ಹೇಳುವುದನ್ನು ಕಲಿಸಿದ್ದು ರೇಷ್ಮೆ ಹುಳುಗಳಿಗೆ ಸೊಪ್ಪು ಬಿಡಿಸುವ ಹೊತ್ತಿನಲ್ಲಿ. ಕೈಗೆ ಕೆಲಸವಿದ್ದರೆ ಇಂಥ ಮಾತು ಸ್ವಲ್ಪ ಹಗುರವಾದೀತು ಎಂಬುದು ಅವಳ ಲೆಕ್ಕಾಚಾರ.

"ನಿಮ್ಮಪ್ಪ ಯಾರು?"

"ನೀಲ್ಸ್ ಥೋರುಪ್."

"ಅಲ್ಲ. ಗೊತ್ತಿಲ್ಲ ಅನ್ನಬೇಕು. ಇನ್ನೊಂದು ಸಲ. ನಿಮ್ಮಪ್ಪ ಯಾರು?"

"ಗೊತ್ತಿಲ್ಲ." ತಿರ್ಜಾ ಎಲೆಯ ತೊಟ್ಟು ಮುರಿದು ಬುಟ್ಟಿಗೆ ಹಾಕಿದಳು. "ಆದ್ರೆ ನಂಗೆ ಗೊತ್ತಲ್ಲಮ್ಮ. ನಿನ್ನೆ ಕೊಟ್ಟಿಗೆ ಕಡೆಯಿಂದ ಬಂದಿದ್ರಲ್ಲ."

"ಯಾರೂ ಬಂದಿಲ್ಲ."

"ಮತ್ತೆ ನನ್ನ ಎತ್ಕೊಂಡಿದ್ದು ಯಾರು?"

ಸಿಡ್ಸೆಲ್ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು. ಸುಳ್ಳು ಹೇಳುವವರನ್ನು ದೇವರು ತನ್ನ ಬಳಿ ಸೇರಿಸುವುದಿಲ್ಲ ಎಂದು ಮೊನ್ನೆ ಭಾನುವಾರವಷ್ಟೇ ಮನೆಯಲ್ಲಿ ಇದೇ ಮಗುವಿಗೆ ಪಾಠ ಹೇಳಿದ್ದರು. ಆ ಪಾಠ ಹೇಳಿದವಳು ಸಿಡ್ಸೆಲ್ಲೇ.

ಅದು ಸಾವಿರದ ಎಂಟುನೂರ ಎಂಬತ್ತಾರನೆಯ ಇಸವಿಯ ವಸಂತ. ಯೂಟಾದ ಎಫ್ರೈಮ್ ಎಂಬ ಆ ಊರಿನಲ್ಲಿ ಡೆನ್ಮಾರ್ಕಿನಿಂದ ಬಂದವರೇ ಹೆಚ್ಚು. ಎಲ್ಲರೂ ಮಾರ್ಮನ್ನರು, ತಮ್ಮನ್ನು ತಾವು ಸಂತರು ಎಂದು ಕರೆದುಕೊಳ್ಳುವವರು. ಒಬ್ಬ ಗಂಡಸಿಗೆ ಇಬ್ಬರು ಹೆಂಡತಿಯರಿದ್ದರೆ ಸೆರೆಮನೆ ಎಂದು ದೂರದ ರಾಜಧಾನಿಯಲ್ಲಿ ಕಾನೂನು ಆಗಿತ್ತು. ಹಿಡಿಯಲು ಬರುತ್ತಿದ್ದ ಸರ್ಕಾರಿ ಅಧಿಕಾರಿಗಳಾದ ಮಾರ್ಷಲರಿಗೆ ಸಾಕ್ಷಿ ಬೇಕು. ಎರಡನೆಯ ಹೆಂಡತಿಯ ಬಸಿರಿಗಿಂತ ದೊಡ್ಡ ಸಾಕ್ಷಿ ಯಾವುದು? ಸಿಡ್ಸೆಲ್‌ಗೆ ಆಗ ಏಳು ತಿಂಗಳು ತುಂಬಿತ್ತು. ಅವಳು ಬೀದಿಗೆ ಕಾಲಿಡದೆ ಬಹಳ ದಿನವಾಗಿತ್ತು.

ಅವಳು ಹುಟ್ಟಿದ್ದು ಡೆನ್ಮಾರ್ಕಿನ ಉತ್ತರ ತುದಿಯ ಮರಳುಗಾಡಿನಂಥ ಒಂದು ಕಡಲತೀರದಲ್ಲಿ. ಅಪ್ಪ ಮೀನು ಹಿಡಿಯಲು ಹೋದವನು ತಿರುಗಿ ಬರಲಿಲ್ಲ. ಮುಂದಿನ ವರ್ಷ ಇಬ್ಬರು ಯುವಕ ಬೋಧಕರು ಬಾಗಿಲು ತಟ್ಟಿದರು. ದೇವರು ಮೌನವಾಗಿಲ್ಲ, ಅಮೆರಿಕದ ನೆಲದಲ್ಲಿ ಒಬ್ಬ ಪ್ರವಾದಿಯನ್ನು ಎಬ್ಬಿಸಿದ್ದಾನೆ, ಬೆಟ್ಟದಲ್ಲಿ ಹೂತಿದ್ದ ಬಂಗಾರದ ತಗಡುಗಳ ಬರಹವನ್ನು ಅವನಿಂದ ಓದಿಸಿದ್ದಾನೆ ಎಂದರು. ತಗಡಿನ ಮಾತು ಅವಳ ಅಮ್ಮನ ತಲೆಗೆ ಅಷ್ಟಾಗಿ ಹತ್ತಲಿಲ್ಲ. ಅವಳನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಮಾತು. ಹುಟ್ಟುವ ಮೊದಲೂ ನಾವೆಲ್ಲ ದೇವರ ಮನೆಯಲ್ಲಿ ಮಕ್ಕಳಾಗಿದ್ದೆವು, ಮೈ ಪಡೆಯಲು ಭೂಮಿಗೆ ಬಂದಿದ್ದೇವೆ ಎಂಬುದು ಒಂದು. ದೇವಾಲಯದಲ್ಲಿ ಮುದ್ರೆ ಬಿದ್ದ ಸಂಸಾರವನ್ನು ಸಾವೂ ಬಿಡಿಸಲಾರದು, ಸತ್ತವರ ಪರವಾಗಿ ಬದುಕಿರುವವರೇ ನೀರಿನಲ್ಲಿ ಮುಳುಗಿ ದೀಕ್ಷೆ ಪಡೆಯಬಹುದು ಎಂಬುದು ಇನ್ನೊಂದು.

"ಹಾಗಾದ್ರೆ ನಮ್ಮೋರು ಸಮುದ್ರದ ತಳದಲ್ಲಿದ್ರೂ ಸಿಗ್ತಾರಾ?" ಎಂದು ಅಮ್ಮ ಕೇಳಿದಳು.

"ಸಿಗ್ತಾರೆ" ಎಂದರು ಬೋಧಕರು.

ಅಷ್ಟು ಸಾಕಾಯಿತು. ಅಮ್ಮ ಅದೇ ಕಡಲಿನಲ್ಲಿ ಮುಳುಗಿ ಎದ್ದಳು. ಊರಿನವರು ಕಿಟಕಿಗೆ ಕಲ್ಲು ಹೊಡೆದರು. ಹನ್ನೊಂದು ವರ್ಷದ ಸಿಡ್ಸೆಲ್ ಮಂಚದ ಕೆಳಗೆ ಅಡಗಿ ಗಾಜು ಒಡೆಯುವ ಸದ್ದು ಕೇಳಿದಳು. ಭಯ ಅವಳೊಳಗೆ ಮನೆ ಮಾಡಿದ್ದು ಅಲ್ಲಿಂದ. ಹಡಗು, ರೈಲು, ಬಂಡಿ ಹತ್ತಿಳಿದು ತಾಯಿ ಮಗಳು ಬೆಟ್ಟಗಳ ನಡುವಿನ ಆ ಕಣಿವೆ ಸೇರಿದರು. ಸಂತರ ಬಾಯಲ್ಲಿ ಅದು ಚೀಯೋನ್, ದೇವರು ತನ್ನವರಿಗೆಂದು ಕಾದಿಟ್ಟ ನಾಡು. ಅಲ್ಲಿ ಕಿಟಕಿಗೆ ಯಾರೂ ಕಲ್ಲು ಹೊಡೆಯಲಿಲ್ಲ. ಕೆಲವು ವರ್ಷ ಸಿಡ್ಸೆಲ್ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಅಮ್ಮ ತೀರಿಕೊಂಡ ಮೇಲೆ ಬಿಷಪ್ಪರು ನೀಲ್ಸ್ ಥೋರುಪ್‌ನನ್ನು ಕರೆದು ಸಿಡ್ಸೆಲ್ ಜೊತೆ ಎರಡನೆಯ ಮದುವೆಯ ಮಾತೆತ್ತಿದರು. ಅದು ಪ್ರವಾದಿಯ ಕಾಲದಿಂದ ಬಂದ ದೇವರ ಆಜ್ಞೆ ಎಂದು ಊರು ನಂಬಿತ್ತು. ನಂಬಿದವರೆಲ್ಲ ಮಾಡುತ್ತಿರಲಿಲ್ಲ, ಮಾಡಿದ ಮನೆಗಳು ಕೆಲವೇ. ನೀಲ್ಸ್ ಕಲ್ಲುಕುಟಿಗ, ಮಿತಭಾಷಿ. ಪಕ್ಕದ ಮ್ಯಾಂಟೈ ಗುಡ್ಡದ ಮೇಲೆ ಕಟ್ಟುತ್ತಿದ್ದ ದೇವಾಲಯಕ್ಕೆ ಕಲ್ಲು ಕಡೆಯುತ್ತಿದ್ದ. "ಮೆಟ್ಟೆ ಒಪ್ಪಿದ್ರೆ" ಎಂದಷ್ಟೇ ಹೇಳಿ ಎದ್ದು ಬಂದ.

ಮೆಟ್ಟೆ ಅವನ ಹೆಂಡತಿ, ನಾಲ್ಕು ಮಕ್ಕಳ ತಾಯಿ. ಅವಳ ನಾಲಿಗೆಗೆ ಇಡೀ ಕಣಿವೆ ಹೆದರುತ್ತಿತ್ತು. ಮೂರು ದಿನ ಯಾರೊಡನೆಯೂ ಮಾತಾಡದೆ, ನಾಲ್ಕನೆಯ ದಿನ ಅವಳೇ ಸಿಡ್ಸೆಲ್‌ಳನ್ನು ನೋಡಲು ಬಂದಳು.

"ನಿಂಗೆ ಅವ್ರು ಇಷ್ಟಾನಾ?"

"ಗೊತ್ತಿಲ್ಲ. ಒಳ್ಳೆಯವರು ಅಂತಾರೆ."

"ಒಳ್ಳೆಯವರೇ. ಗೊರಕೆ ಹೊಡೀತಾರೆ. ದೇವರು ಹೇಳಿದ್ದಾನೆ ಅಂತ ಒಪ್ಕೋತಾ ಇದ್ದೀನಿ, ಸಂತೋಷಕ್ಕಲ್ಲ. ಅದನ್ನ ಮೊದಲೇ ಹೇಳಿಬಿಟ್ರೆ ಇಬ್ಬರಿಗೂ ಒಳ್ಳೇದು ನೋಡು."

ಸಾಲ್ಟ್ ಲೇಕ್ ನಗರದ ವಿಧಿಮನೆಯಲ್ಲಿ ಪದ್ಧತಿಯಂತೆ ಮೊದಲ ಹೆಂಡತಿಯೇ ಎರಡನೆಯವಳ ಕೈಯನ್ನು ಗಂಡನ ಕೈಯಲ್ಲಿಟ್ಟಳು. ಮೆಟ್ಟೆಯ ಬೆರಳು ಮಂಜುಗಡ್ಡೆಯ ಹಾಗಿತ್ತು. ಮೊದಲ ವರ್ಷವಿಡೀ ಅಡುಗೆಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ತಿರ್ಜಾ ಹುಟ್ಟುವಾಗ ಸಿಡ್ಸೆಲ್ ಸಾಯುವ ಹಾಗಾದಳು. ಆಗ ಮಗ್ಗುಲು ಬಿಡದೆ ಕೂತವಳು ಮೆಟ್ಟೆ. ಅಲ್ಲಿಂದ ಸಿಡ್ಸೆಲ್ ಅವಳನ್ನು ಅಕ್ಕ ಎಂದು ಕರೆದಳು. ಸವತಿ ಮತ್ಸರ ಪೂರ್ತಿ ಸತ್ತಿರಲಿಲ್ಲ, ಮುದಿ ನಾಯಿಯ ಹಾಗೆ ಮೂಲೆ ಸೇರಿತ್ತು.

ಆ ವಸಂತದಲ್ಲಿ ನೀಲ್ಸ್ ಮನೆ ಬಿಟ್ಟು ತಲೆಮರೆಸಿಕೊಂಡಿದ್ದ. ಮಾರ್ಷಲರು ಕಣಿವೆಗೆ ಇಳಿದರೆ ಮೊದಲು ಕಂಡವರು "ಬಿಳಿ ಹಸು ತೋಟಕ್ಕೆ ನುಗ್ಗಿದೆ" ಎಂದು ಕೂಗಬೇಕೆಂದು ಊರು ಮಾತಾಡಿಕೊಂಡಿತ್ತು. ಒಂದು ಮಧ್ಯಾಹ್ನ ಸಿಡ್ಸೆಲ್ ಅಟ್ಟದ ಮೇಲೆ ರೇಷ್ಮೆ ಹುಳುಗಳ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಾಗ ಆ ಕೂಗು ಬೇಲಿಯಿಂದ ಬೇಲಿಗೆ ದಾಟಿ ಬಂತು. ಏಣಿಯ ಮೆಟ್ಟಿಲು ಅವಳ ಕಾಲಿಗೆ ಸಿಗಲಿಲ್ಲ. ಮೆಟ್ಟೆ ಕೆಳಗಿನಿಂದ ಸೊಂಟಕ್ಕೆ ಕೈಕೊಟ್ಟು ಇಳಿಸಿ, ಹಿತ್ತಿಲಿನ ಕಣಜದ ಕೋಣೆಗೆ ಎಳೆದೊಯ್ದಳು. ಬರಗಾಲಕ್ಕೆಂದು ಊರಿನ ಹೆಂಗಸರು ಕೂಡಿಟ್ಟ ಗೋಧಿ ಅಲ್ಲಿನ ದೊಡ್ಡ ಮರದ ಪೆಟ್ಟಿಗೆಯಲ್ಲಿತ್ತು.

"ಹತ್ತು."

"ಅಕ್ಕ, ಇದರೊಳಗಾ? ಉಸಿರು ಕಟ್ಟುತ್ತೆ."

"ಸೆರೆಮನೇಲಿ ಚೆನ್ನಾಗಿ ಉಸಿರಾಡಬಹುದು, ಹೋಗ್ತೀಯಾ? ಹತ್ತೇ ಮಾರಾಯ್ತಿ."

ಗೋಧಿ ಕುತ್ತಿಗೆಯವರೆಗೆ ಬಂತು. ಮುಚ್ಚಳ ಬಿತ್ತು. ಅದರ ಮೇಲೆ ಮೆಟ್ಟೆ ಕೂತ ಭಾರಕ್ಕೆ ಹಲಗೆ ಕಿರುಗುಟ್ಟಿತು. ಕತ್ತಲೆಯಲ್ಲಿ ಸಿಡ್ಸೆಲ್ ಹಲಗೆಯ ಒಂದು ಸೀಳಿಗೆ ಬಾಯಿ ಹಚ್ಚಿದಳು. ಉಸಿರು ಬಿಟ್ಟಾಗಲೆಲ್ಲ ಗೋಧಿ ಜಾರಿ ಎದೆಯನ್ನು ಇನ್ನಷ್ಟು ಒತ್ತುತ್ತಿತ್ತು. ಒಳಗೆ ಮಗು ಒದೆಯಿತು. ಆ ಒದೆತದ ಸದ್ದು ಹೊರಗೆ ಕೇಳಿಸೀತೆಂದು ಅವಳಿಗೆ ಹೆದರಿಕೆಯಾಯಿತು. ಅಂಥ ಸದ್ದು ಕೇಳುವುದಿಲ್ಲವೆಂದು ಗೊತ್ತಿದ್ದೂ ಹೊಟ್ಟೆಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು.

ಬೂಟಿನ ಸದ್ದು ಬಂತು. ಗಾರ್ವಿನ್ ಎಂಬ ಮಾರ್ಷಲನ ದನಿ ಊರಿಗೆಲ್ಲ ಪರಿಚಿತ.

"ಏನಮ್ಮ, ಕಾಫಿ ವಾಸನೆ ಬರ್ತಿದೆ. ಕಾಫಿ ಕುಡಿಯೋದು ನಿಮಗೆ ನಿಷೇಧ ಅಲ್ವಾ?"

"ಅದಕ್ಕೆ ದೇವರ ಮುಂದೆ ಉತ್ತರ ಕೊಡ್ತೀನಿ. ನಿನ್ನ ಮುಂದೆ ಯಾಕೆ?"

"ನಿನ್ನ ಗಂಡ ಎಲ್ಲಿ?"

"ಗಂಡಸರು ಎಲ್ಲಿ ಹೋಗ್ತಾರೆ ಅಂತ ಹೆಂಡತೀರಿಗೆ ಹೇಳಿ ಹೋಗ್ತಾರಾ? ನೀನು ಹೇಳಿ ಬಂದಿದ್ದೀಯಾ?"

ಜೊತೆಗಿದ್ದ ಇನ್ನೊಬ್ಬ ನಕ್ಕ. ಗಾರ್ವಿನ್ ನಗಲಿಲ್ಲ. ಅವನ ಬೂಟು ಪೆಟ್ಟಿಗೆಯ ಹತ್ತಿರ ಬಂದು ನಿಂತಿತು, ಆಮೇಲೆ ತಿರುಗಿತು. ಮತ್ತೆ ಕೇಳಿದಾಗ ಅವನ ದನಿ ಜೇನಿನಂತಾಗಿತ್ತು.

"ಪಾಪು, ಬಾ ಇಲ್ಲಿ. ನಿನ್ನ ಹೆಸರೇನು?"

"ತಿರ್ಜಾ."

"ಬರೀ ತಿರ್ಜಾನಾ?"

"ಬರೀ ತಿರ್ಜಾ."

"ನಿಮ್ಮಪ್ಪ ಯಾರಮ್ಮ?"

"ಗೊತ್ತಿಲ್ಲ."

"ಹೌದಾ. ಹೋಗ್ಲಿ, ನಿಮ್ಮಮ್ಮ ಯಾರು?"

ಸಿಡ್ಸೆಲ್ ಸೀಳಿನಿಂದ ಬಾಯಿ ತೆಗೆದಳು. ಈ ಪ್ರಶ್ನೆಗೆ ಅವಳು ಉತ್ತರ ಕಲಿಸಿರಲಿಲ್ಲ. ಮಗು ಪೆಟ್ಟಿಗೆಯ ಕಡೆ ನೋಡಿದರೆ ಮುಗಿಯಿತು. ಆಮೇಲೆ ಪುಟ್ಟ ಹೆಜ್ಜೆಗಳು ಓಡಿ ಬಂದು ಮೆಟ್ಟೆಯ ಲಂಗಕ್ಕೆ ತಗುಲಿದ ಸದ್ದು.

"ಇವಳೇ ನಮ್ಮಮ್ಮ" ಎಂದಳು ತಿರ್ಜಾ.

ಅವರು ಹೋದ ಮೇಲೆ ಮೆಟ್ಟೆ ಅವಳನ್ನು ಎತ್ತಿ ಹೊರಗೆ ತೆಗೆದಾಗ ಕೂದಲಲ್ಲಿ, ಕಿವಿಯಲ್ಲಿ, ಎದೆಯ ಮೇಲೆಲ್ಲ ಗೋಧಿ. ತಿರ್ಜಾ ಎದುರು ಬಂದು ನಿಂತು ಕೇಳಿದಳು: "ಸರಿಯಾಗಿ ಹೇಳಿದ್ನಾ?"

"ಸರಿಯಾಗಿ ಹೇಳ್ದೆ ಕಂದ" ಎಂದ ಸಿಡ್ಸೆಲ್ ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು.

ಇನ್ನು ಆ ಮನೆಯಲ್ಲಿರುವುದು ಸಾಧ್ಯವಿರಲಿಲ್ಲ. ಮಗುವನ್ನು ಜೊತೆಗೆ ಒಯ್ಯುವ ಹಾಗೂ ಇರಲಿಲ್ಲ.

"ನನ್ನ ಮಗಳು ಅಂತ ಅವರ ಕಿವಿಗೆ ಬಿದ್ದಾಗಿದೆ. ನಿನ್ನ ಜೊತೆ ಕಂಡ್ರೆ ಎಲ್ಲರೂ ಸಿಕ್ಕಿಬೀಳ್ತೀವಿ" ಎಂದಳು ಮೆಟ್ಟೆ. "ಬಿಟ್ಟು ಹೋಗು. ನನ್ನ ನಾಲ್ಕರ ಜೊತೆ ಐದನೇದು. ಕೂಳಿಗೇನು ಕಮ್ಮಿ ಮಾಡಲ್ಲ."

"ಕೂಳಿನ ಮಾತಲ್ಲ ಅಕ್ಕ."

"ಗೊತ್ತು ಕಣೇ. ಬೇರೆ ಮಾತಾಡೋಕೆ ನಂಗೆ ಬರಲ್ಲ."

ಬೆಟ್ಟದಾಚೆಯ ಒಂದು ಸಣ್ಣ ಊರಿನಲ್ಲಿ ಬೊತಿಲ್ಡಾ ಎಂಬ ವಿಧವೆ ಸೂಲಗಿತ್ತಿಯಿದ್ದಳು. ಸಿಡ್ಸೆಲ್ ಅವಳ ಮನೆಗೆ ಸೇರಿದ್ದು ಮಿಸೆಸ್ ಹಾಲ್ಸ್ ಎಂಬ ಹೊಸ ಹೆಸರಿನಲ್ಲಿ. ಹೊರಡುವ ಮುಂಚೆ ತಿರ್ಜಾಗೂ ಆ ಹೆಸರನ್ನು ಕಲಿಸಿದ್ದಳು. ಗಂಡ ಧರ್ಮಬೋಧನೆಗೆ ಸಾಗರದಾಚೆ ಹೋಗಿದ್ದಾನೆ ಎಂಬುದು ಕಥೆ. ಆ ಹೆಸರಿನಿಂದ ಯಾರಾದರೂ ಕರೆದರೆ ಓಗೊಡಲು ಮರೆಯುತ್ತಿದ್ದಳು, ಮರೆತದ್ದಕ್ಕೆ ಮೈ ಬೆವರುತ್ತಿತ್ತು. ನಾಯಿ ಬೊಗಳಿದರೆ ಭಯ, ಬೊಗಳದಿದ್ದರೆ ಯಾಕೆ ಬೊಗಳಲಿಲ್ಲ ಎಂದು ಭಯ. ನೆರೆಮನೆಯ ಹೆಂಗಸು ಬಟ್ಟೆ ಹರವುತ್ತ ಇತ್ತ ನೋಡಿದರೆ ಇವಳು ಪರದೆ ಎಳೆಯುತ್ತಿದ್ದಳು. ಪರದೆ ಎಳೆದದ್ದೇ ಅನುಮಾನಕ್ಕೆ ದಾರಿಯಾಯಿತೇನೋ ಎಂದು ಮತ್ತೆ ತೆರೆಯುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಭಯವನ್ನು ಯಾರೊಡನೆಯೂ ಆಡಿರಲಿಲ್ಲ: ತಿರ್ಜಾ ಆ ಸುಳ್ಳನ್ನು ನಿಜವೆಂದೇ ಕಲಿತುಬಿಟ್ಟರೆ?

ಹೆರಿಗೆಗೆ ಮುಂಚೆ ಆ ಊರಿನ ಮೂವರು ಹೆಂಗಸರು ಬಂದರು. ಸಂತರ ಹೆಂಗಸರಲ್ಲಿ ಆಗ ಒಂದು ಪದ್ಧತಿಯಿತ್ತು: ಬಸುರಿಯ ಮೈ ತೊಳೆದು, ಮಂತ್ರಿಸಿದ ಎಣ್ಣೆ ಸವರಿ, ಒಂದೊಂದೇ ಅಂಗದ ಹೆಸರು ಹೇಳಿ ಹರಸುವುದು. ಬೊತಿಲ್ಡಾಳ ಒರಟು ಅಂಗೈ ಬೆನ್ನ ಮೇಲೆ ಇಳಿಯುವಾಗ, "ನಿನ್ನ ಬೆನ್ನಿಗೆ ಬಲ ಬರಲಿ, ನಿನ್ನ ಹೃದಯದ ನಡುಕ ನಿಲ್ಲಲಿ" ಎಂಬ ಮಾತು ಕೇಳಿ ಸಿಡ್ಸೆಲ್ ಬಿಕ್ಕಿದಳು. ಬೆನ್ನಿಗೇನೋ ಬಲ ಬಂತು. ಗಂಡುಮಗು ಸಲೀಸಾಗಿ ಹುಟ್ಟಿತು. ನಡುಕ ಹೋಗಲಿಲ್ಲ.

ಹುಟ್ಟಿದ ಮಗುವನ್ನು ಸಭೆಯಲ್ಲಿ ಎತ್ತಿ ಹಿಡಿದು ತಂದೆ ಹೆಸರಿಟ್ಟು ಹರಸಬೇಕು. ಇಲ್ಲಿ ತಂದೆಯ ಹೆಸರನ್ನೇ ಎತ್ತುವಂತಿಲ್ಲ. ಬೇಸಿಗೆಯಿಡೀ ಮಗು ಬರೀ ಪುಟ್ಟನಾಗಿಯೇ ಉಳಿಯಿತು. ಒಂದು ದಿನ ಹಿತ್ತಿಲ ಬಾಗಿಲಲ್ಲಿ ದೊಡ್ಡ ಟೊಪ್ಪಿಗೆಯ ಎತ್ತರದ ಹೆಂಗಸೊಬ್ಬಳು ಕಾಣಿಸಿಕೊಂಡಳು. ಸಿಡ್ಸೆಲ್ ಮಗುವನ್ನು ಅವಚಿ ಹಿಂದೆ ಸರಿದಳು. ಟೊಪ್ಪಿಗೆಯೊಳಗಿಂದ ನೀಲ್ಸ್‌ನ ದನಿ ಬಂತು.

"ಹೆದರಬೇಡ. ಮೆಟ್ಟೆಯ ಲಂಗ."

"ಮೊಣಕಾಲಿಗೇ ನಿಂತಿದೆಯಲ್ಲ" ಎಂದಳು ಬೊತಿಲ್ಡಾ. "ಗಡ್ಡ ಬೇರೆ ಬೋಳಿಸಿದ್ದೀಯ ನಮ್ಮಪ್ಪ. ದಾರೀಲಿ ಯಾರಾದ್ರೂ ಮದುವೆ ಆಗಿಬಿಡೋರು."

ಸಿಡ್ಸೆಲ್ ನಕ್ಕಳು. ನಗು ಅಳುವಾಯಿತು. ನೀಲ್ಸ್ ಒಲೆಯ ಪಕ್ಕ ನಿಂತು, ಪಿಸುದನಿಯಲ್ಲಿ, ಮಗುವಿಗೆ ಯೊರೆದ್ ಎಂದು ಹೆಸರಿಟ್ಟು ಹರಸಿದ. "ತಿರ್ಜಾ ನನ್ನ ಕೇಳ್ತಾಳಾ?" ಎಂದು ಸಿಡ್ಸೆಲ್ ಕೇಳಿದ್ದಕ್ಕೆ ಅವನು ಟೊಪ್ಪಿಗೆಯ ದಾರ ಕಟ್ಟಿಕೊಳ್ಳುತ್ತ, "ಮೊದಮೊದಲು ಕೇಳ್ತಿದ್ಲು" ಎಂದ.

ಆ ಹೆಂಗಸಿನ ಪಾದ ಎಷ್ಟು ದೊಡ್ಡದಿತ್ತು ಎಂದು ಯಾರೋ ಯಾರಿಗೋ ತಮಾಷೆಗೆ ಹೇಳಿರಬೇಕು. ಮುಂದಿನ ವಾರ ಗಾರ್ವಿನ್ ಬಂದ. ಈ ಸಲ ಅಡಗಿಕೊಳ್ಳಲು ಸಮಯವಿರಲಿಲ್ಲ. ಮಗುವಿಗೆ ಹಾಲೂಡಿಸುತ್ತಿದ್ದವಳನ್ನು ಸಮನ್ಸು ಕೊಟ್ಟು ಬಂಡಿ ಹತ್ತಿಸಿದರು.

ನ್ಯಾಯಾಲಯದಲ್ಲಿ ಗ್ರಂಥದ ಮೇಲೆ ಕೈಯಿಟ್ಟು ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿಸಿದರು. ಮುಂದೆ ಸಾಲಾಗಿ ಕೂತ ಗಂಡಸರು. ಒಬ್ಬ ಗಡಿಯಾರಕ್ಕೆ ಕೀ ಕೊಡುತ್ತಿದ್ದ. ಸತ್ಯ ಹೇಳಿದರೆ ನೀಲ್ಸ್ ಸೆರೆಮನೆಗೆ. ಸುಳ್ಳು ಹೇಳಿದರೆ ದೇವರ ಮುಂದೆ ಆಣೆ ಮುರಿದ ಹಾಗೆ. ಅಮ್ಮ, ಅಪ್ಪ ಎಲ್ಲರೂ ಕಾದಿರುವ ಆ ಮನೆಯ ಬಾಗಿಲು ತನಗೆ ಮುಚ್ಚುತ್ತದೆ.

"ನಿಮ್ಮ ತೊಡೆಯ ಮೇಲಿರೋ ಮಗು ಯಾರದು?" ಎಂದು ವಕೀಲ ಕೇಳಿದ.

"ನಂದು."

"ತಂದೆ ಯಾರು?"

"ಮಗು ನಂದು."

"ಅದನ್ನ ಕೇಳಿಸಿಕೊಂಡೆ. ತಂದೆ ಯಾರು?"

"ಮಗು ನಂದು ಸ್ವಾಮಿ."

ಅದು ಸುಳ್ಳಲ್ಲ. ಅದಕ್ಕಿಂತ ಹೆಚ್ಚಿನದು ಅವಳ ಬಾಯಿಂದ ಹೊರಡಲಿಲ್ಲ. ಹೇಳುವ ತನಕ ಸೆರೆಯಲ್ಲಿರಲಿ ಎಂದು ನ್ಯಾಯಾಧೀಶರು ಅಪ್ಪಣೆ ಮಾಡಿದರು. ಇದನ್ನು ಊರಿನವರು ಆಮೇಲೆ ಧೈರ್ಯವೆಂದು ಕೊಂಡಾಡಿದರು. ಸಿಡ್ಸೆಲ್‌ಗೆ ಅದು ಎಂದೂ ಧೈರ್ಯವೆನ್ನಿಸಲಿಲ್ಲ. ಎರಡು ಭಯಗಳ ನಡುವೆ ಸಿಕ್ಕಿ ಅಲ್ಲಾಡಲಾರದೆ ಹೋದದ್ದು, ಅಷ್ಟೇ.

ಸೆರೆಮನೆಯಲ್ಲಿ ಯೊರೆದ್‌ಗೆ ಕೆಮ್ಮು ಹಿಡಿಯಿತು. ಗೋಡೆಗೆ ಹಿಮ ಹೆಪ್ಪುಗಟ್ಟುತ್ತಿತ್ತು. ಅವಳು ಮಗುವನ್ನು ಅಂಗಿಯೊಳಗೆ ಮೈಗೆ ಅಂಟಿಸಿಕೊಂಡು, ಅದರ ಪ್ರತಿ ಉಸಿರಿಗೂ ಕಿವಿಗೊಟ್ಟು ಕೂರುತ್ತಿದ್ದಳು. ಎಂಟು ವರ್ಷದೊಳಗಿನ ಮಕ್ಕಳಿಗೆ ಪಾಪವಿಲ್ಲ, ಸತ್ತರೆ ನೇರ ದೇವರ ಬಳಿಗೆ ಹೋಗುತ್ತವೆ ಎಂಬುದು ಅವಳ ಧರ್ಮದ ಮಾತು. ಅಮ್ಮ ಇದ್ದಿದ್ದರೆ ಆ ಮಾತನ್ನೇ ಹೇಳಿ ಸಮಾಧಾನ ಮಾಡುತ್ತಿದ್ದಳು. ಸಿಡ್ಸೆಲ್‌ಗೆ ಆ ಸಮಾಧಾನ ಬೇಕಿರಲಿಲ್ಲ. ಹೋಗುವುದು ಬೇಡ, ಇಲ್ಲೇ ಇರಲಿ ಎಂದು ದೇವರೊಡನೆ ಜಗಳಕ್ಕೆ ಬಿದ್ದಳು.

ಚಳಿ ಇಳಿಯುವ ಮೊದಲೇ ಒಂದು ಬೆಳಿಗ್ಗೆ ಬಾಗಿಲು ತೆರೆದು, ಮನೆಗೆ ಹೋಗು ಎಂದರು. ಯಾಕೆಂದು ಹೇಳಲಿಲ್ಲ. ಹೊರಗೆ ಬಂಡಿಯೊಡನೆ ಮೆಟ್ಟೆ ನಿಂತಿದ್ದಳು.

"ಅವ್ರು ತಾವಾಗೇ ಹೋಗಿ ಒಪ್ಕೊಂಡ್ರು" ಎಂದಳು. "ಇನ್ನು ನಿನ್ನ ಸಾಕ್ಷಿ ಬೇಕಾಗಿಲ್ಲ. ಪಟ್ಟೆ ಅಂಗಿ ಹಾಕಿ ಒಳಗೆ ಕೂರಿಸಿದ್ದಾರೆ. ಕೊಡು ಆ ಕೂಸನ್ನ. ಅಯ್ಯೋ, ಇದೇನೇ, ಹಕ್ಕಿಮರಿ ಹಾಗಿದೆ."

ಎಫ್ರೈಮ್ ತಲುಪುವವರೆಗೂ ಸಿಡ್ಸೆಲ್ ತಿರ್ಜಾಳ ಬಗ್ಗೆ ಕೇಳಲಿಲ್ಲ. ಕೇಳಲು ಹೆದರಿಕೆ. ಬಂಡಿ ನಿಂತಾಗ ಹುಡುಗಿ ಜಗುಲಿಯ ಮೇಲೇ ಇದ್ದಳು, ಉದ್ದವಾಗಿದ್ದಳು, ಮೆಟ್ಟೆಯ ಮಕ್ಕಳ ಹಾಗೆಯೇ ಜಡೆ ಹೆಣೆದಿತ್ತು. ಸಿಡ್ಸೆಲ್ ಮೊಣಕಾಲೂರಿ ಕೈ ಚಾಚಿದಳು.

"ನಮಸ್ಕಾರ, ಮಿಸೆಸ್ ಹಾಲ್ಸ್" ಎಂದಳು ತಿರ್ಜಾ ಗಂಭೀರವಾಗಿ. ಅಷ್ಟು ಹೇಳಿ ಮೆಟ್ಟೆಯ ಹಿಂದೆ ಸರಿದು ನಿಂತಳು.

"ಇದು ಅಮ್ಮ ಕಣೇ, ಪೆದ್ದೀ" ಎಂದು ಮೆಟ್ಟೆ ಅವಳನ್ನು ಮುಂದೆ ತಳ್ಳಿದಳು. "ಈಗ ಯಾರೂ ಬರಲ್ಲ. ಹೇಳಬಹುದು."

ಹುಡುಗಿ ಬೀದಿಯ ಎರಡೂ ಕಡೆ ನೋಡಿದಳು.

ಮುಂದೆ ತಿರ್ಜಾ ಹತ್ತಿರವಾದಳು. ಸಿಡ್ಸೆಲ್‌ಳ ಮಗ್ಗುಲಲ್ಲಿ ಮಲಗಿದಳು, ತಮ್ಮನನ್ನು ಎತ್ತಿ ಆಡಿಸಿದಳು. ಆದರೆ ಮೆಟ್ಟೆ ಅವಳಿಗೆ ಅಮ್ಮನಾಗಿ, ಹೆತ್ತವಳು ಚಿಕ್ಕಮ್ಮನಾಗಿ ಉಳಿದುಬಿಟ್ಟರು. ಮೆಟ್ಟೆ ಗದರಿ ತಿದ್ದಿದಳು. ಸಿಡ್ಸೆಲ್ಲೇ ಬೇಡವೆಂದಳು: "ಬಿಡಕ್ಕ. ನಾನೇ ಕಲಿಸಿದ್ದು."

ಸಾವಿರದ ಎಂಟುನೂರ ತೊಂಬತ್ತರ ಶರತ್ಕಾಲದಲ್ಲಿ ಚರ್ಚಿನ ಅಧ್ಯಕ್ಷರ ಘೋಷಣೆಯನ್ನು ಊರೂರಿನ ಸಭೆಗಳಲ್ಲಿ ಓದಿದರು: ಇನ್ನು ಮುಂದೆ ಇಂಥ ಮದುವೆಗಳಿಲ್ಲ, ನೆಲದ ಕಾನೂನಿಗೆ ತಲೆಬಾಗಬೇಕು. ಬೆಂಚುಗಳಲ್ಲಿ ಕೆಲವರು ನಿಟ್ಟುಸಿರಿಟ್ಟರು, ಕೆಲವರು ಅತ್ತರು.

"ಇದನ್ನೇ ಒಂದು ಹತ್ತು ವರ್ಷ ಮುಂಚೆ ಹೇಳಿದ್ರೆ ದೇವರ ಗಂಟೇನು ಹೋಗ್ತಿತ್ತು" ಎಂದು ಮೆಟ್ಟೆ ಕಿವಿಯಲ್ಲಿ ಉಸುರಿದಳು. ಸಿಡ್ಸೆಲ್‌ಗೆ ನಗು ಬರಲಿಲ್ಲ. ಆಜ್ಞೆಯೇ ಹೋದರೆ ತಾನು ಯಾರು? ಇಷ್ಟು ವರ್ಷ ಹೆದರಿದ್ದು ಯಾವುದಕ್ಕಾಗಿ? ಬಿದ್ದ ಮುದ್ರೆ ಅಳಿಯುವುದಿಲ್ಲ, ಪರಲೋಕದಲ್ಲಿ ನೀವು ಅವನವರೇ ಎಂದರು ಬಿಷಪ್ಪರು. ಇಹಲೋಕದಲ್ಲಿ ಮಾತ್ರ ನೀಲ್ಸ್ ಒಂದೇ ಮನೆಯಲ್ಲಿರಬೇಕು.

ಸೆರೆ ಮುಗಿಸಿ ಬಂದಿದ್ದ ಅವನು ಮೆಟ್ಟೆಯ ಮನೆಯಲ್ಲೇ ಉಳಿದ. ಬೀದಿಯಾಚೆ ಸಿಡ್ಸೆಲ್‌ಗೆ ಎರಡು ಕೋಣೆಯ ಕಲ್ಲಿನ ಮನೆ ಕಟ್ಟಿಕೊಟ್ಟ. ಹಾಡುಹಗಲಲ್ಲಿ ಸೌದೆ ತಂದು ಜಗುಲಿಯಲ್ಲಿ ಇಳಿಸಿ, ಹೊಸ್ತಿಲಾಚೆಯೇ ನಿಂತು ಮಾತಾಡಿ ಹೋಗುತ್ತಿದ್ದ. ಒಳಗೆ ಕರೆಯಲು ಅವಳಿಗೆ ಹೆದರಿಕೆ, ಬರಲು ಅವನಿಗೆ. ಕಲ್ಲಿನ ದೂಳು ತುಂಬಿದ ಎದೆಯಿಂದ ಅವನು ತೀರಿಕೊಂಡಾಗ ಯೊರೆದ್‌ಗೆ ಹದಿನೇಳು. ಆ ಚಳಿಗಾಲವೇ ಮೆಟ್ಟೆ ತನ್ನ ಹಾಸಿಗೆ ಸುತ್ತಿಕೊಂಡು ಬೀದಿ ದಾಟಿ ಬಂದಳು. "ನಿನ್ನ ಮನೆ ಬೆಚ್ಚಗಿದೆ" ಎಂಬುದು ಅವಳು ಕೊಟ್ಟ ಕಾರಣ.

ಇಬ್ಬರೂ ಹನ್ನೊಂದು ವರ್ಷ ಜೊತೆಗಿದ್ದರು. ಗಂಡನ ಗೊರಕೆಯಿಂದ ಹಿಡಿದು ಬಿಷಪ್ಪರ ಹೆಂಡತಿಯ ಟೊಪ್ಪಿಗೆಯವರೆಗೆ ಎಲ್ಲದರ ಮೇಲೂ ಜಗಳವಾಡಿದರು. ಕೊನೆಗೆ ಮೆಟ್ಟೆ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಕಣ್ಣು ತೆರೆದು ಕೇಳಿದಳು:

"ಸಿಡ್ಸೆಲ್, ನಿಂಗೆ ಈಗ್ಲೂ ಭಯ ಆಗುತ್ತಾ?"

"ಆಗುತ್ತೆ ಅಕ್ಕ."

"ನಂಗೂ. ಆವತ್ತು ಪೆಟ್ಟಿಗೆ ಮೇಲೆ ಕೂತಿದ್ನಲ್ಲ, ಕೂತಲ್ಲೇ ಲಂಗ ಒದ್ದೆ ಮಾಡ್ಕೊಂಡಿದ್ದೆ. ಯಾರಿಗೂ ಹೇಳಿಲ್ಲ."

ಸಿಡ್ಸೆಲ್ ಅವಳನ್ನೇ ನೋಡಿದಳು. ಅಷ್ಟು ವರ್ಷ ಆ ಮನೆಯಲ್ಲಿ ಹೆದರಿದವಳು ತಾನೊಬ್ಬಳೇ ಎಂದು ನಂಬಿದ್ದಳು.

ಮೆಟ್ಟೆಗೆ ದೇವಾಲಯದ ಬಿಳಿ ಉಡುಪು ತೊಡಿಸಿದವರು ಸಿಡ್ಸೆಲ್ ಮತ್ತು ತಿರ್ಜಾ. ತಿರ್ಜಾ "ಅಮ್ಮಾ" ಎಂದು ಅತ್ತದ್ದು ಮೆಟ್ಟೆಗಾಗಿ. ಸಿಡ್ಸೆಲ್ ಅವಳ ಬೆನ್ನು ಸವರಿದಳು.

ಆಮೇಲೆ ಯೊರೆದ್ ಹೊಸ ಮನೆ ಕಟ್ಟಿಸಿ ತಾಯಿಯನ್ನು ಕರೆದ. ಅವಳು ಕೋಣೆಯನ್ನು ಒಂದು ಸುತ್ತು ನೋಡಿ, ಇಲ್ಲಿಂದ ಹಿತ್ತಿಲಿಗೆ ಬಾಗಿಲಿಲ್ಲ, ಬರುವುದಿಲ್ಲ ಎಂದಳು. ಅವನು ತರ್ಕ ಮಾಡಲಿಲ್ಲ. ಗೋಡೆ ಒಡೆದು ಬಾಗಿಲಿಟ್ಟ. ಅದಕ್ಕೆ ಚಿಲಕ ಹಾಕಲು ಅವಳು ಯಾರಿಗೂ ಬಿಡುತ್ತಿರಲಿಲ್ಲ. ಆ ಕೋಣೆಯಲ್ಲಿ ಇನ್ನೂ ಏಳೆಂಟು ವರ್ಷ ಬದುಕಿದಳು, ಮೊಮ್ಮಕ್ಕಳಿಗೆ ಡೆನ್ಮಾರ್ಕಿನ ಗಾದೆಗಳನ್ನು ಕಲಿಸಿದಳು. ಒಂದು ಹಿಮ ಬೀಳುವ ಬೆಳಿಗ್ಗೆ ಹೆಣಿಗೆ ಹಿಡಿದು ಕೂತಲ್ಲೇ ತೀರಿಕೊಂಡಳು. ನೀಲ್ಸ್‌ನ ಎಡಕ್ಕೆ ಅವಳನ್ನು ಹೂಳಿದರು. ಬಲಕ್ಕೆ ಮೆಟ್ಟೆ ಮೊದಲೇ ಇದ್ದಳು.